ಬಾಯಿಪಾಠ ಮಾಡಿದ ಬಾಲ್ಯ

ಆಗಲ್ಲ ಅಂತ ಮೊದಲು ಹೇಳಿದ್ದು ನಮ್ಮ ಚಂದ್ರು ಮಾವ.

ತಿಲಕ್ ನಗರದ ನಮ್ಮ ಮನೆಯ ಹಾಲ್‌ನಲ್ಲಿ ಕೂತು, ಅಮ್ಮ ಕೊಟ್ಟ ಟೀ ಮುಟ್ಟದೆ, ನನ್ನ ಮುಖ ನೋಡದೆ, ಎದುರಿನ ಗೋಡೆಗೆ ಹೇಳಿದರು: "ಈ ಜನ್ಮದಲ್ಲಿ ಆಗೋ ಮಾತಲ್ಲ ಇದು. ಹೆಣ್ಣಾಗಿ ಹುಟ್ಟಿದ್ದು ಹೆಣ್ಣಾಗೇ ಸಾಯ್ಬೇಕು. ಯಾವ ಡಾಕ್ಟ್ರೂ ಬರ್ಕೊಡಲ್ಲ. ಬೇಕಾದ್ರೆ ನೋಡ್ತಿರು ಅಕ್ಕ."

ಇದೇ ಹಾಲ್‌ನಲ್ಲಿ ಕೂತು ಮಾವ ಹಿಂದೆ ಇನ್ನೊಂದು ಸಲವೂ ಹೀಗೇ ಹೇಳಿದ್ದರು. ಆಗ ನಾನು ಪಿಯುಸಿ ಮುಗಿಸಿ ಬಿ.ಎಸ್ಸಿ. ಸೇರುತ್ತೇನೆ ಅಂದಿದ್ದೆ. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಅಮ್ಮ ಬಿಟಿಎಂ ಲೇಔಟ್‌ನ ಒಂದು ಲೇಡೀಸ್ ಪಿ.ಜಿ.ಯಲ್ಲಿ ಅಡುಗೆ ಮಾಡುತ್ತಿದ್ದರು, ಈಗಲೂ ಅಲ್ಲೇ ಮಾಡುತ್ತಾರೆ. "ನಮ್ಮಲ್ಲಿ ಯಾರು ಕಾಲೇಜ್ ಮುಖ ನೋಡಿದ್ದಾರೆ? ಸೈನ್ಸ್ ಎಲ್ಲ ಇವಳ ಕೈಲಿ ಆಗಲ್ಲ. ಯಾವುದಾದ್ರೂ ಬಟ್ಟೆ ಅಂಗಡಿಗೆ ಸೇರಿಸು" ಅಂದಿದ್ದರು ಮಾವ. ನಾನು ಬಿ.ಎಸ್ಸಿ. ಸೇರಿದೆ. ಮುಗಿಸಿದೆ. ಅಪ್ಪನ ಕಡೆ, ಅಮ್ಮನ ಕಡೆ, ಎರಡೂ ಕಡೆ ಸೇರಿಸಿ ಡಿಗ್ರಿ ಮುಗಿಸಿದವರಲ್ಲಿ ಮೊದಲನೆಯವನು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಹಾಗಾಗಿ ಮಾವ ಆಗಲ್ಲ ಅಂದರೆ ನಾನು ಹೆದರುವುದಿಲ್ಲ. ಹೆದರಿದ್ದು ಎರಡನೆಯದಾಗಿ ಆಗಲ್ಲ ಅಂದವರಿಗೆ. ಅವರು ಡಾಕ್ಟರು. ಅವರ ಸಹಿ ನನಗೆ ಬೇಕಾಗಿತ್ತು.

ಶುರುವಾಗಿದ್ದು ಪಕ್ಕೆಲುಬಿನಿಂದ.

ನಾನು ಜಯನಗರದ ಒಂದು ಲ್ಯಾಬ್‌ನಲ್ಲಿ ರಿಪೋರ್ಟ್ ಕೌಂಟರ್‌ನಲ್ಲಿ ಕೆಲಸ ಮಾಡುತ್ತೇನೆ. ನನಗೆ ಇಪ್ಪತ್ತೇಳು ವರ್ಷ. ಒಂದು ಬೆಳಿಗ್ಗೆ ಮೊದಲ ಮಹಡಿಗೆ ಮೆಟ್ಟಿಲು ಹತ್ತುವಾಗ ಉಸಿರು ಅರ್ಧಕ್ಕೇ ನಿಂತಿತು. ಎಡಗಡೆ, ಎದೆಯ ಕೆಳಗೆ, ಯಾರೋ ಬೆರಳಿಟ್ಟು ಒತ್ತಿದ ಹಾಗೆ. ಗ್ಯಾಸ್ ಇರಬೇಕು ಅಂದುಕೊಂಡು ಎರಡು ವಾರ ಮಾತ್ರೆ ನುಂಗಿದೆ. ಮೂರನೇ ವಾರ ಸೀನಿದರೂ ಕಣ್ಣಲ್ಲಿ ನೀರು ಬರತೊಡಗಿತು.

ಹತ್ತಿರದ ಕ್ಲಿನಿಕ್‌ಗೆ ಹೋದೆ. ಡಾಕ್ಟರಮ್ಮ ಸ್ಟೆತಾಸ್ಕೋಪ್ ಇಡಲು ಶರ್ಟ್ ಮೇಲೆತ್ತಿ ಅಂದರು. ಎತ್ತಿದೆ. ಒಳಗೆ ಕ್ರೇಪ್ ಬ್ಯಾಂಡೇಜ್, ಉಳುಕಿದ ಕಾಲಿಗೆ ಸುತ್ತುತ್ತಾರಲ್ಲ, ಅದು. ಮೂರು ಸುತ್ತು. ನಾಲ್ಕು ವರ್ಷದಿಂದ ಬೆಳಿಗ್ಗೆ ಸುತ್ತಿಕೊಂಡರೆ ಸಂಜೆ ಮನೆಗೆ ಬಂದ ಮೇಲೆ ಬಿಚ್ಚುತ್ತಿದ್ದೆ. ಬೇಸಿಗೆಯಲ್ಲಿ ಅದರ ಅಡಿಯ ಚರ್ಮ ಹುಣ್ಣಾಗಿ, ಮಾಸಿ, ಮತ್ತೆ ಹುಣ್ಣಾಗಿ ಕಪ್ಪುಗಟ್ಟಿತ್ತು.

"ಇದು ಯಾಕೆ ಕಟ್ಟಿದ್ದೀರಿ?"

ಹೇಳಿದೆ. ಜೀವನದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳಿದೆ. ನಾನು ಹೆಣ್ಣಲ್ಲ. ಇದು ಇಲ್ಲಿ ಇರಬಾರದು. ಅಷ್ಟೇ ಹೇಳಿದ್ದು, ಅದಕ್ಕೇ ಬೆವರಿದೆ.

ಆಕೆ ಒಳ್ಳೆಯವರೇ. ಮುಖ ಸಿಂಡರಿಸಲಿಲ್ಲ. ಪಕ್ಕೆಲುಬು ಎದೆಯ ಮೂಳೆಗೆ ಸೇರುವ ಕಡೆ ಊತ ಬಂದಿದೆ, ಹೀಗೇ ಬಿಗಿಯುತ್ತಿದ್ದರೆ ಒಂದು ದಿನ ಮೂಳೆ ಬಿರುಕು ಬಿಡುತ್ತೆ ಅಂದರು. "ಮಿಕ್ಕಿದ್ದು ನನ್ನ ಫೀಲ್ಡ್ ಅಲ್ಲ. ಎಂಡೋಕ್ರೈನಾಲಜಿಸ್ಟ್ ನೋಡಿ" ಅಂತ ಬರೆದುಕೊಟ್ಟರು. ಹಾರ್ಮೋನ್ ಕೊಡುವ ಆ ಎಂಡೋಕ್ರೈನಾಲಜಿಸ್ಟ್ ಎರಡೇ ನಿಮಿಷ ಮಾತಾಡಿದ್ದು. "ಸೈಕಿಯಾಟ್ರಿಸ್ಟ್ ಲೆಟರ್ ಇದೆಯಾ? ಇಲ್ವಾ? ತಗೊಂಡು ಬನ್ನಿ, ನೋಡೋಣ."

ಇದನ್ನು ಅನಾರೋಗ್ಯದ ಅನುಭವ ಅಂತ ಬರೆಯುವಾಗ ನನಗೆ ಸಿಟ್ಟು ಬರುತ್ತದೆ. ನನಗಿದ್ದ ಕಾಯಿಲೆ ಪಕ್ಕೆಲುಬಿನದು. ಮಿಕ್ಕಿದ್ದು ನಾನು. ಇದು ಕಾಯಿಲೆಯಲ್ಲ ಅಂತ ಈಗ ಎಲ್ಲ ಡಾಕ್ಟರೂ ಹೇಳುತ್ತಾರೆ, ನಗುನಗುತ್ತಾ ಹೇಳುತ್ತಾರೆ. ಆದರೆ ಕಾಯಿಲೆ ಇದ್ದವನ ಹಾಗೆ ಸಾಲಿನಲ್ಲಿ ನಿಂತು, ಫೈಲ್ ಮಾಡಿಸಿ, ಇನ್ನೊಬ್ಬರು ನಾನು ನಾನೇ ಹೌದು ಅಂತ ಬರೆದುಕೊಟ್ಟ ಮೇಲೇ ಔಷಧಿ.

ಅಮ್ಮನಿಗೆ ಹೇಳಿದ ದಿನ ಅವರು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಪೂರ್ತಿ ಕೇಳಿದರು. "ಊಟ ಮಾಡು" ಅಂದರು. ಮಾರನೇ ದಿನ ತಮ್ಮನಿಗೆ ಫೋನ್ ಮಾಡಿದರು. ಮಾವ ಬಂದರು, ಗೋಡೆಗೆ ಹೇಳಿದರು, ಟೀ ಕುಡಿಯದೆ ಹೋದರು. ಅಲ್ಲಿಗೆ ಮನೆಯ ಕಥೆ ಆಯಿತು.

ನಾನು ಹೋದ ಸೈಕಿಯಾಟ್ರಿಸ್ಟ್ ಕ್ಲಿನಿಕ್ ಜೆ.ಪಿ. ನಗರದಲ್ಲಿತ್ತು. ಗಾಜಿನ ಬಾಗಿಲು, ಎ.ಸಿ., ಗೋಡೆಯ ಮೇಲೆ ನಗುವ ಕುಟುಂಬದ ಫೋಟೋ. ಫಾರಂನಲ್ಲಿ ಕರೆಯಬೇಕಾದ ಹೆಸರು ಅಂತ ಒಂದು ಜಾಗ ಇತ್ತು. ಪ್ರವೀಣ್ ಅಂತ ಬರೆದೆ. ರಿಸೆಪ್ಷನ್‌ನವಳು ಆಧಾರ್ ನೋಡಿ, ಹತ್ತು ಜನ ಕೂತಿದ್ದ ಹಾಲ್‌ನಲ್ಲಿ ಹಳೆಯ ಹೆಸರನ್ನೇ ಕೂಗಿದಳು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಎದ್ದು ನಿಂತಾಗ ಪಕ್ಕದವಳಿಗೆ ಹೇಳಿದ್ದು ಕೇಳಿಸಿತು: "ಅದೇ, ಆ ಕೇಸು."

ಡಾಕ್ಟರು ಐವತ್ತು ದಾಟಿದ ಗಂಡಸು. ಡ್ರಾಯರ್‌ನಿಂದ ಪ್ರಿಂಟ್ ಮಾಡಿದ ಒಂದು ಹಾಳೆ ತೆಗೆದು ಮುಂದಿಟ್ಟರು.

"ನೋಡಮ್ಮಾ. ನಮ್ಮ ಸೈಕಾಲಜಿಸ್ಟ್ ಹತ್ರ ಮಿನಿಮಮ್ ಹನ್ನೆರಡು ಸೆಷನ್. ಅಪ್ಪ ಅಥವಾ ಅಮ್ಮ ಒಂದು ಸಲ ಬರ್ಬೇಕು. ಒಂದು ವರ್ಷ ಫುಲ್‌ಟೈಮ್ ಗಂಡಸಿನ ಥರ ಇದ್ದು ತೋರಿಸ್ಬೇಕು. ಆಫೀಸ್‌ನಿಂದ ಲೆಟರ್ ತಂದ್ರೆ ಒಳ್ಳೇದು."

"ಹಾರ್ಮೋನ್ ಇಲ್ದೆ ಹೇಗಿರೋದು ಸಾರ್? ನನ್ನ ಧ್ವನಿ ಕೇಳಿದ್ರೆ ಎಲ್ರೂ ಮೇಡಂ ಅಂತಾರೆ."

"ಅದೇ ನಮಗೆ ನೋಡ್ಬೇಕಾಗಿರೋದು. ತಡ್ಕೊಳ್ಳೋ ಕೆಪ್ಯಾಸಿಟಿ."

"ನಂಗೆ ಇಪ್ಪತ್ತೇಳು ಸಾರ್. ಅಮ್ಮ ಯಾಕೆ ಬರ್ಬೇಕು?"

"ನಾಳೆ ನಿಮ್ಮಮ್ಮ ಬಂದು ನನ್ನ ಕಾಲರ್ ಹಿಡಿದ್ರೆ?"

ಹೀಗೆ, ತಮ್ಮ ಕಾಲರ್ ಕಾಪಾಡಿಕೊಳ್ಳುವುದಕ್ಕೆ ನನ್ನ ಒಂದು ವರ್ಷ ಕೇಳಿದರು.

ಇಲ್ಲಿಂದ ಮುಂದಿನದು ನನ್ನ ತಪ್ಪು. ಅದನ್ನೂ ಬರೆಯುತ್ತೇನೆ.

ನಾನು ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಮೀಡಿಯಂ ಸರ್ಕಾರಿ ಶಾಲೆಯಲ್ಲಿ. ಆಮೇಲೆ ಏಕಾಏಕಿ ಎಲ್ಲ ಇಂಗ್ಲಿಷ್. ಕೆಮಿಸ್ಟ್ರಿ, ಝೂಆಲಜಿ, ಎಲ್ಲದಕ್ಕೂ ಹಳೆಯ ಪ್ರಶ್ನೆಪತ್ರಿಕೆ ಒಟ್ಟು ಹಾಕಿ, ಉತ್ತರಗಳನ್ನು ಕಾಮಾ ಸಮೇತ ಬಾಯಿಪಾಠ ಮಾಡಿದೆ. ಅರ್ಥ ಆಮೇಲೆ ಬರುತ್ತಿತ್ತು, ಕೆಲವು ಸಲ ಬರುತ್ತಲೇ ಇರಲಿಲ್ಲ. ಪಾಸಾದೆ. ಮೇಜಿನ ಆ ಕಡೆ ಕೂತವರು ಪ್ರಶ್ನೆ ಕೇಳಿದರೆ ಅವರ ಹತ್ತಿರ ಸರಿಯುತ್ತರ ಮೊದಲೇ ಇರುತ್ತದೆ, ಅದನ್ನು ಅವರಿಗೆ ಹಾಗೇ ವಾಪಸ್ ಕೊಟ್ಟರೆ ಬಾಗಿಲು ತೆಗೆಯುತ್ತದೆ. ನಮ್ಮಂಥವರು ಕಾಲೇಜು ದಾಟುವುದೇ ಹೀಗೆ. ನನಗೆ ಗೊತ್ತಿದ್ದ ವಿದ್ಯೆ ಇದೊಂದೇ.

ಡಾಕ್ಟರು "ಅಸೆಸ್‌ಮೆಂಟ್" ಅಂದರು. ನನಗೆ ಪರೀಕ್ಷೆ ಅಂತ ಕೇಳಿಸಿತು.

ನೋಟ್ಸ್ ಕೊಟ್ಟವನು ಆರ್ಯ. ಆನ್‌ಲೈನ್ ಗ್ರೂಪ್‌ನಲ್ಲಿ ಪರಿಚಯವಾದವನು, ನನ್ನ ಹಾಗೇ ಹುಡುಗಿಯಾಗಿ ಬೆಳೆದವನು. ಬೇರೆ ಊರಿನಲ್ಲಿ ಲೆಟರ್ ತೆಗೆದುಕೊಂಡು ಆಗಲೇ ಹಾರ್ಮೋನ್ ಶುರು ಮಾಡಿದ್ದ. ಬಿಟಿಎಂನ ಒಂದು ದರ್ಶಿನಿಯಲ್ಲಿ ನಿಂತು ಕಾಫಿ ಕುಡಿಯುತ್ತಾ ಹೇಳಿಕೊಟ್ಟ.

"ಗುರು, ಸಿಂಪಲ್. ಎರಡೇ ಪದ ನೆನಪಿಟ್ಕೊ. 'ಯಾವಾಗ್ಲೂ', 'ಯಾವತ್ತೂ ಇಲ್ಲ.' ಯಾವಾಗ್ಲೂ ಹುಡುಗ ಅನ್ನಿಸ್ತಿತ್ತು. ಫ್ರಾಕ್ ಯಾವತ್ತೂ ಇಷ್ಟ ಇರ್ಲಿಲ್ಲ. 'ಕೆಲವು ಸಲ' ಅಂದ್ಯೋ, ಮುಗೀತು ನಿನ್ ಕಥೆ."

"ನಂಗೆ ಕೆಲವು ಸಲ ಇಷ್ಟ ಇತ್ತಲ್ಲೋ."

"ಲೋ ಮಗಾ, ಅದನ್ನ ನಿನ್ ಡೈರೀಲಿ ಬರ್ಕೊ. ಡಾಕ್ಟ್ರಿಗೆ ಬೇಡ."

ಅವನು ಕಳಿಸಿದ ಉತ್ತರಗಳಲ್ಲಿ ಒಂದು ಶೇವಿಂಗ್ ಬ್ರಶ್ ಇತ್ತು. ಐದನೇ ವಯಸ್ಸಿನಲ್ಲಿ ಅಪ್ಪನ ಬ್ರಶ್ ತೆಗೆದು, ಕನ್ನಡಿ ಮುಂದೆ ನಿಂತು, ಕೆನ್ನೆಗೆ ನೊರೆ ಹಚ್ಚಿಕೊಂಡೆ. ಅಪ್ಪ ನೋಡಿ ನಕ್ಕರು. ಚೆನ್ನಾಗಿತ್ತು. ನನ್ನ ನಿಜವಾದ ಬಾಲ್ಯದಲ್ಲಿ ಇಷ್ಟು ಚೆನ್ನಾಗಿರುವುದು ಯಾವುದೂ ಇರಲಿಲ್ಲ. ಅದನ್ನೇ ಹಾಕಿಕೊಂಡೆ.

ಹನ್ನೊಂದು ಸೆಷನ್ ಮುಗಿಸಿದೆ. ಲ್ಯಾಬ್‌ನಲ್ಲಿ ಅರ್ಧ ದಿನ ರಜಾ ಹಾಕಿ, ಪ್ರತಿ ಎರಡನೇ ಗುರುವಾರ. ಸೈಕಾಲಜಿಸ್ಟ್ ಚಿಕ್ಕ ವಯಸ್ಸಿನವಳು, ಲ್ಯಾಪ್‌ಟಾಪ್‌ನಿಂದ ಕಣ್ಣು ತೆಗೆಯುತ್ತಿರಲಿಲ್ಲ. ನಾನು ಹೇಳುತ್ತಿದ್ದೆ, ಅವಳು ಟೈಪ್ ಮಾಡುತ್ತಿದ್ದಳು. ಹನ್ನೊಂದು ಸಲದಲ್ಲಿ ಒಂದು ಸಲವೂ ಅವಳು ನನ್ನ ಪಕ್ಕೆ ಹೇಗಿದೆ ಅಂತ ಕೇಳಲಿಲ್ಲ. ಮನೆಯಲ್ಲಿ ಊಟದ ಹೊತ್ತಿಗೆ ಯಾರೂ ಮಾತಾಡುತ್ತಿಲ್ಲ ಅಂತ ನಾನೂ ಹೇಳಲಿಲ್ಲ. ಅದು ಸಿಲಬಸ್‌ನಲ್ಲಿ ಇರಲಿಲ್ಲ.

ಹನ್ನೆರಡನೆಯದಕ್ಕೆ ಅಮ್ಮ ಬರಬೇಕಿತ್ತು. ಎರಡು ವಾರ ಕಾಡಿ ಬೇಡಿ ಒಪ್ಪಿಸಿದೆ. ಒಪ್ಪಿದ ಮೇಲೆ ಪಾಠ ಶುರು ಮಾಡಿದೆ. ಅಮ್ಮ ಪಿ.ಜಿ.ಯಿಂದ ಬಂದು ಕಾಲು ಚಾಚಿ ಕೂತರೆ ನಾನು ಎದುರು ಕೂತು ಪ್ರಶ್ನೆ ಕೇಳುತ್ತಿದ್ದೆ.

"ಚಿಕ್ಕಂದಿನಲ್ಲಿ ಯಾರ ಜೊತೆ ಆಡ್ತಿದ್ದೆ ಅಂತ ಕೇಳ್ತಾರೆ. ಏನಂತೀಯ?"

"ಕುಂಟೆಬಿಲ್ಲೆ ಆಡ್ತಿದ್ದೆ. ಎದುರುಮನೆ ಹುಡುಗೀರ ಜೊತೆ."

"ಅಮ್ಮ! ಹುಡುಗರ ಜೊತೆ ಕ್ರಿಕೆಟ್ ಅನ್ನು."

"ಯಾವಾಗ ಆಡಿದ್ದೆ ನೀನು ಕ್ರಿಕೆಟ್ಟು? ಬಾಲ್ ಕಂಡ್ರೆ ಓಡ್ತಿದ್ದೆ."

"ಒಂದ್ ಸಲ ಹೇಳಿದ್ರೆ ನಿಂಗೇನು ಹೋಗುತ್ತೆ?"

ಅಮ್ಮ ಕಾಲು ನೀವಿಕೊಂಡರು. ಹೂಂ ಅಂದ ಹಾಗೆ ಕೇಳಿಸಿತು. ಅದನ್ನೇ ಹೂಂ ಅಂತ ತಿಳಿದುಕೊಂಡೆ.

ಆ ದಿನ ಅಮ್ಮ ಮದುವೆಮನೆಗೆ ಹೋಗುವ ಸೀರೆ ಉಟ್ಟುಕೊಂಡು ಬಂದರು. ಕ್ಲಿನಿಕ್‌ನ ಸೋಫಾದ ತುದಿಯಲ್ಲಿ ಕೂತರು. ಡಾಕ್ಟರು, ಸೈಕಾಲಜಿಸ್ಟ್ ಇಬ್ಬರೂ ಇದ್ದರು. ಮೊದಲ ನಾಲ್ಕೈದು ಪ್ರಶ್ನೆಗೆ ಅಮ್ಮ "ನೆನಪಿಲ್ಲ", "ಇರ್ಬೇಕು" ಅಂತ ದಾಟಿಸಿದರು. ನಾನು ಉಸಿರು ಬಿಟ್ಟೆ. ಆಗ ಸೈಕಾಲಜಿಸ್ಟ್ ಲ್ಯಾಪ್‌ಟಾಪ್ ನೋಡಿ ಕೇಳಿದಳು: "ಐದು ವರ್ಷ ಇದ್ದಾಗ ಅಪ್ಪನ ಶೇವಿಂಗ್ ಬ್ರಶ್ ತಗೊಂಡು ಆಡಿದ್ದು ನೆನಪಿದೆಯಾ ಆಂಟಿ? ಅವರಪ್ಪನೂ ನೋಡಿ ನಕ್ಕರಂತೆ."

ಅಮ್ಮ ನನ್ನ ಕಡೆ ತಿರುಗಿದರು. ಆ ಪ್ರಶ್ನೆಯನ್ನು ನಾನು ಅವರಿಗೆ ಹೇಳಿಕೊಟ್ಟಿರಲಿಲ್ಲ. ಮರೆತಿದ್ದೆ.

"ಬ್ರಶ್ಶಾ? ನಮ್ಮ ಮನೆಯವರು ಮನೇಲಿ ಶೇವ್ ಮಾಡ್ಕೊಂಡಿದ್ದೇ ಇಲ್ಲ ಮೇಡಂ. ಕೈ ನಡುಗ್ತಿತ್ತು ಅವ್ರಿಗೆ. ಭಾನುವಾರ ಭಾನುವಾರ ಸಲೂನ್‌ಗೇ ಹೋಗ್ತಿದ್ರು."

ಡಾಕ್ಟರು ಕುರ್ಚಿಗೆ ಒರಗಿದರು.

"ಈ ಬ್ರಶ್ಶು ನನ್ನ ಫೈಲ್‌ಗಳಲ್ಲಿ ಬರ್ತಿರೋದು ಮೂರನೇ ಸಲ ಕಣಮ್ಮ" ಅಂದರು ನನಗೆ. ಆಮೇಲೆ ಅಮ್ಮನಿಗೆ: "ಲಂಗ ಬ್ಲೌಸ್ ಎಲ್ಲ ಹಾಕ್ತಿರ್ಲಿಲ್ವಂತೆ, ಹೌದಾ?"

"ಯಾಕೆ ಹಾಕ್ತಿರ್ಲಿಲ್ಲ? ನಮ್ಮ ತಂಗಿ ಮದುವೇಲಿ ಹಸಿರು ರೇಷ್ಮೆ ಲಂಗ ಹೊಲಿಸಿದ್ದೆ. ಮೂರು ದಿನ ಬಿಚ್ಚಲಿಲ್ಲ. ಫೋಟೋ ಇದೆ."

ಫೈಲ್‌ನಲ್ಲಿ ಡಾಕ್ಟರು ಬರೆದಿದ್ದು ಇಂಗ್ಲಿಷ್‌ನಲ್ಲಿ. ತಲೆಕೆಳಗಾಗಿ ಓದುವುದು ನನಗೆ ಕೌಂಟರ್‌ನಲ್ಲಿ ಅಭ್ಯಾಸವಾಗಿದೆ. ಕೊಟ್ಟ ಮಾಹಿತಿ ನಂಬಲರ್ಹವಲ್ಲ. ಆರು ತಿಂಗಳ ನಂತರ ಮೊದಲಿನಿಂದ ಪರಿಶೀಲಿಸುವುದು.

ಮೊದಲಿನಿಂದ.

ಹೊರಗೆ ಬಂದು ಆಟೋ ಹತ್ತಿದೆವು. ಡ್ರೈವರ್ ಕೇಳಿಸಿಕೊಳ್ಳುತ್ತಿದ್ದಾನೆ ಅಂತಲೂ ನೋಡದೆ ಕೂಗಾಡಿದೆ.

"ಒಂದೇ ಒಂದು ಸಲ! ನೆನಪಿಲ್ಲ ಅಂದಿದ್ರೆ ಸಾಕಾಗಿತ್ತು!"

"ನಿಮ್ಮಪ್ಪನ ವಿಷಯದಲ್ಲಿ ಸುಳ್ಳು ಹೇಳು ಅಂತೀಯ?"

"ಹೂಂ, ಹೇಳ್ಬೇಕಿತ್ತು!"

"ನಂಗೆ ನೆನಪಿರೋದೇ ಅಷ್ಟು. ಅದನ್ನೂ ಬದಲಾಯಿಸ್ತೀಯಾ ನೀನು?"

ನಾನು ನಡುದಾರಿಯಲ್ಲೇ ಆಟೋ ನಿಲ್ಲಿಸಿ ಇಳಿದೆ. ಅಮ್ಮ ಒಬ್ಬರೇ ಹೋದರು. ಅವತ್ತು ಅಮ್ಮನ ಮೇಲೆ ಬಂದ ದ್ವೇಷ ಮಾವನ ಮೇಲೂ ಬಂದಿರಲಿಲ್ಲ. ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಬಂದಿದ್ದು ನಿಜ.

ಮಾವನಿಗೆ ಸುದ್ದಿ ಮುಟ್ಟಿತು. ಭಾನುವಾರ ಮಟನ್ ಹಿಡಿದುಕೊಂಡು ಬಂದರು, ಹಬ್ಬದ ಹಾಗೆ. "ನಾನು ಹೇಳ್ಲಿಲ್ವಾ? ಡಾಕ್ಟ್ರು ಓದಿರೋರು. ಅವ್ರಿಗೆ ಗೊತ್ತಾಗುತ್ತೆ ಎಲ್ಲ ನಾಟ್ಕ ಅಂತ." ನಾನು ತಟ್ಟೆ ಬಿಟ್ಟು ಎದ್ದೆ.

ಆಮೇಲಿನ ತಿಂಗಳುಗಳ ಬಗ್ಗೆ ಹೆಚ್ಚು ಹೇಳಲಾರೆ. ಬ್ಯಾಂಡೇಜ್ ಬಿಡಬೇಕು ಅಂತ ಡಾಕ್ಟರಮ್ಮ ಅಂದಿದ್ದರಲ್ಲ, ಇನ್ನೊಂದು ಸುತ್ತು ಜಾಸ್ತಿ ಬಿಗಿದೆ. ಹಟಕ್ಕೆ. ಒಂದು ಮಧ್ಯಾಹ್ನ ಕೌಂಟರ್‌ನಲ್ಲಿ ರಿಪೋರ್ಟ್ ಕವರ್ ಕೊಡಲು ಬಗ್ಗಿದವನು ಹಾಗೇ ಕುಸಿದು ಬಿದ್ದೆ. ಎಕ್ಸ್‌ರೇಯಲ್ಲಿ ಪಕ್ಕೆಲುಬಿನ ಮೇಲೆ ಕೂದಲಿನಷ್ಟು ತೆಳ್ಳಗಿನ ಗೆರೆ. ಬಿರುಕು. ಆರು ವಾರ ಏನೂ ಬಿಗಿಯಬೇಡಿ ಅಂದರು. ಆರು ವಾರ ಮೇಲೊಂದು ಜಾಕೆಟ್ ಹಾಕಿಕೊಂಡು, ಗೂನು ಬೆನ್ನು ಮಾಡಿಕೊಂಡು, ಯಾರೂ ಎದುರಿಂದ ಬರದ ದಾರಿ ಹುಡುಕಿಕೊಂಡು ಓಡಾಡಿದೆ. ಮಲಗಿದರೆ ನೋವು, ಕೂತರೆ ನೋವು, ನಕ್ಕರೆ ನೋವು. ನಗುವ ತಾಪತ್ರಯ ಇರಲಿಲ್ಲ, ಬಿಡಿ.

ಬಿಟಿಎಂನ ಒಂದು ಜಿಮ್‌ನಲ್ಲಿ ಅದೇ ಹಾರ್ಮೋನ್ ಲೆಟರ್ ಇಲ್ಲದೆ ಸಿಗುತ್ತದೆ ಅಂತ ಗೊತ್ತಾಯಿತು. ಹೋದೆ. ಶೀಶೆ ಕೈಯಲ್ಲಿ ಹಿಡಿದೆ. ಲೇಬಲ್ ಅರ್ಧ ಕಿತ್ತು ಹೋಗಿತ್ತು. ಮೈ ಬೆಳೆಸಲು ಇದನ್ನು ಚುಚ್ಚಿಕೊಂಡವರ ರಕ್ತದ ರಿಪೋರ್ಟ್‌ಗಳು ನಮ್ಮ ಕೌಂಟರ್‌ಗೆ ಬರುತ್ತವೆ. ಕೆಂಪು ಅಕ್ಷರದ ನಂಬರ್‌ಗಳು. ಲಿವರ್, ರಕ್ತದ ದಪ್ಪ. ವಾಪಸ್ ಕೊಟ್ಟು ಬಂದೆ. ಧೈರ್ಯ ಸಾಲದೆ ಅಲ್ಲ. ಓದಿದ್ದು ಅಡ್ಡ ಬಂತು.

ಎರಡನೇ ಸೈಕಿಯಾಟ್ರಿಸ್ಟ್ ಹೆಸರು ಕೊಟ್ಟವರು ಮೊದಲು ಬ್ಯಾಂಡೇಜ್ ನೋಡಿದ್ದ ಆ ಡಾಕ್ಟರಮ್ಮನೇ. ಬನಶಂಕರಿಯಲ್ಲಿ, ಒಂದು ಮೆಡಿಕಲ್ ಸ್ಟೋರ್‌ನ ಮೇಲೆ, ಕಿರಿದಾದ ಮೆಟ್ಟಿಲು. ಇವರು ದೇವರಂಥ ಮನುಷ್ಯ ಅಂತ ಬರೆದರೆ ಓದುವವರಿಗೆ ಹಿತವಾಗುತ್ತದೆ. ದೇವರೂ ಅಲ್ಲ, ಏನೂ ಅಲ್ಲ. ಒರಟು ಮುದುಕ. ಎರಡು ಗಂಟೆ ಕಾಯಿಸಿದರು. ನಾನು ಮಾತಾಡುತ್ತಿರುವಾಗಲೇ ಎರಡು ಫೋನ್ ತೆಗೆದುಕೊಂಡರು.

ನಾನು ಅಭ್ಯಾಸಬಲದಿಂದ ಶುರು ಮಾಡಿದೆ. "ಸಾರ್, ನಂಗೆ ಯಾವಾಗ್ಲೂ..."

"ಯಾವಾಗ್ಲೂ ಬೇಡ. ನಂಗೆ ಕಥೆ ಬೇಡ" ಅಂದರು. "ನೀವು ತಂದಿರೋ ಹಿಂದಿನ ಡಾಕ್ಟ್ರ ಫೈಲ್ ನೋಡಿದೆ. ಯಾಕೆ ಸುಳ್ಳು ಹೇಳಿದ್ರಿ?"

"ನಿಜ ಹೇಳಿದ್ರೆ ಕೊಡ್ತಿದ್ರಾ ಸಾರ್?"

"ಕೊಡ್ತಿರ್ಲಿಲ್ಲವೇನೋ" ಅಂದರು. "ಆದ್ರೆ ಅದು ಅವ್ರ ತಪ್ಪಾಗ್ತಿತ್ತು. ಈಗ ನಿಮ್ಮದೂ ಆಯ್ತು. ಹೇಳಿ, ಹಸಿರು ಲಂಗ ಇಷ್ಟ ಇತ್ತಾ?"

"ಇತ್ತು."

"ಮೂರು ದಿನ ಬಿಚ್ಚಲಿಲ್ಲ?"

"ನಾಲ್ಕು ದಿನ. ಅಮ್ಮಂಗೆ ಮರೆತುಹೋಗಿದೆ. ಹೂವೂ ಮುಡ್ಕೊಂಡಿದ್ದೆ. ಖುಷಿಯಾಗಿದ್ದೆ. ಈಗೇನು? ಖುಷಿಯಾಗಿದ್ದೆ ಅಂತ ಜೀವನಪೂರ್ತಿ ಅದರಲ್ಲೇ ಇರ್ಬೇಕಾ?" ನನ್ನ ಧ್ವನಿ ಏರಿತ್ತು. ಹೊರಗೆ ಕೂತವರಿಗೆ ಕೇಳಿಸಿರಬೇಕು.

"ನಾನೂ ಅದನ್ನೇ ಕೇಳ್ತಿದ್ದೀನಿ. ಈಗೇನು?"

ಆಗ ಹೇಳಿದೆ. ಬಾಯಿಪಾಠ ಮಾಡಿದ್ದು ಯಾವುದೂ ಅಲ್ಲ. ನನಗೆ ಗೊತ್ತಾಗಿದ್ದೇ ತಡವಾಗಿ, ಡಿಗ್ರಿ ಮುಗಿದ ಮೇಲೆ. ಒಂದು ದಿನ ಹೆಲ್ಮೆಟ್ ಹಾಕಿಕೊಂಡು ಪೆಟ್ರೋಲ್ ಹಾಕಿಸಲು ನಿಂತಾಗ ಬಂಕ್‌ನ ಹೆಂಗಸು "ಎಷ್ಟಕ್ಕೆ ಹಾಕ್ಲಿ ಅಣ್ಣ?" ಅಂದಳು. ಮೈ ಹಗುರಾಯಿತು. ಹೆಲ್ಮೆಟ್ ತೆಗೆದೆ. "ಅಯ್ಯೋ ಸಾರಿ ಮೇಡಂ" ಅಂದಳು. ಅವಳು ಸಾರಿ ಕೇಳಿದ್ದಕ್ಕೆ ದಾರಿಯುದ್ದಕ್ಕೂ ಅತ್ತೆ. ಅವತ್ತಿನ ತನಕ ನನಗೆ ಆಗುತ್ತಿದ್ದುದಕ್ಕೆ ನನ್ನ ಹತ್ತಿರವೇ ಹೆಸರಿರಲಿಲ್ಲ. ಈಗಲೂ ಒಂದೊಂದು ದಿನ ಹೆದರಿಕೆ. ಧ್ವನಿ ಒಡೆದ ಮೇಲೆ ವಾಪಸ್ ಬರುವುದಿಲ್ಲ. ಮಕ್ಕಳ ಬಗ್ಗೆ ಯೋಚಿಸಿದ್ದೇನೆ, ಪೂರ್ತಿ ಯೋಚಿಸಿದ್ದೇನೆ ಅಂತ ಹೇಳಲಾರೆ. ಹೆದರಿಕೆ ಇದೆ. ಆದರೂ ಬೇಕು.

"ಹಾಂ" ಅಂದರು. ಆ ದಿನ ಅವರು ಬರೆದುಕೊಂಡಿದ್ದು ಮೂರೋ ನಾಲ್ಕೋ ಸಾಲು.

ನಾಲ್ಕು ಸಲ ಹೋದೆ. ಹದಿನೆಂಟು ದಾಟಿದವರಿಗೆ ಅಪ್ಪ ಅಮ್ಮನ ಒಪ್ಪಿಗೆ ಬೇಕಿಲ್ಲ, ಒಂದು ವರ್ಷ ಬದುಕಿ ತೋರಿಸುವ ಪರೀಕ್ಷೆಯೂ ಬೇಕಿಲ್ಲ ಅಂದರು. ಹಾಗಾದರೆ ನನ್ನ ಆ ತಿಂಗಳುಗಳನ್ನು ಯಾರು ತುಂಬಿಕೊಡುತ್ತಾರೆ ಅಂತ ಕೇಳಿದೆ. "ಯಾರೂ ಇಲ್ಲ" ಅಂದರು. ಆ ಉತ್ತರದಿಂದ ಸಿಟ್ಟು ಇಳಿಯಲಿಲ್ಲ, ಇವತ್ತಿಗೂ ಇಳಿದಿಲ್ಲ. ಆದರೆ ಸುಳ್ಳು ಸಮಾಧಾನ ಹೇಳಲಿಲ್ಲವಲ್ಲ ಅಂತ ಒಂದು ನೆಮ್ಮದಿ.

ಮೂರನೇ ಸಲ ಟೆಸ್ಟೋಸ್ಟೆರಾನ್‌ನಿಂದ ಏನೇನಾಗುತ್ತೆ ಹೇಳಿ ಅಂದರು. ನಾನು ಕ್ರಮವಾಗಿ ಒಪ್ಪಿಸಿದೆ, ಇಂಗ್ಲಿಷ್‌ನಲ್ಲಿ.

"ಪುಸ್ತಕ ಮುಚ್ಚಿ ಪ್ರವೀಣ್. ನಿಮ್ಮ ಮನೇಲಿ ಏನಾಗುತ್ತೆ ಹೇಳಿ."

ಮನೆಯಲ್ಲಿ ಏನಾಗುತ್ತದೆ? ಧ್ವನಿ ಒಡೆದ ಮೇಲೆ ನಾನು ಫೋನ್ ಮಾಡಿದರೆ ಅಮ್ಮ "ಯಾರು?" ಅನ್ನುತ್ತಾರೆ. ಅದನ್ನು ಹೇಳಿದೆ. ಹೇಳುತ್ತಾ ಅತ್ತೆ. ಅಪ್ಪ ಸತ್ತಾಗ ನಾನು ಪರೀಕ್ಷೆ ಇತ್ತು ಅಂತ ಅತ್ತಿರಲಿಲ್ಲ, ಅದನ್ನೂ ಸೇರಿಸಿ ಅತ್ತೆ. ಥೆರಪಿ ಅನ್ನುವುದು ಹೀಗೂ ಇರುತ್ತದೆ ಅಂತ ಮೊದಲ ಕ್ಲಿನಿಕ್‌ನ ಹನ್ನೆರಡು ಸೆಷನ್‌ನಲ್ಲಿ ನನಗೆ ಗೊತ್ತಾಗಿರಲಿಲ್ಲ. ಬೇಡದವರಿಗೂ ಕಡ್ಡಾಯ ಮಾಡುವುದನ್ನು ನಾನು ಈಗಲೂ ಒಪ್ಪುವುದಿಲ್ಲ. ಬೇಕಾದವರಿಗೆ ಸಿಕ್ಕರೆ ಒಳ್ಳೆಯದು, ಇಷ್ಟು ಒಪ್ಪುತ್ತೇನೆ.

ಮನೆಗೆ ಬಂದು ಅಮ್ಮನಿಗೆ ಹೇಳಿದೆ, ಮುಂದಿನ ವಾರ ಲೆಟರ್ ಕೊಡುತ್ತಾರೆ, ನೀನು ಬರಬೇಕಾಗಿಲ್ಲ. ಪಾತ್ರೆ ತೊಳೆಯುತ್ತಿದ್ದ ಅಮ್ಮ ತಿರುಗದೆ ಕೇಳಿದರು.

"ಬರ್ಬಾರ್ದು ಅಂತ ಇದೆಯಾ?"

"ಇಲ್ಲ. ಕಡ್ಡಾಯ ಇಲ್ಲ."

"ಅಲ್ಲಿ ಅವತ್ತು ಅವ್ರು ಕೇಳಿದ್ದಕ್ಕೆ ಮಾತ್ರ ಹೇಳ್ದೆ. ನಂಗೆ ಹೇಳೋದಿತ್ತು, ಯಾರೂ ಕೇಳ್ಲಿಲ್ಲ."

ನಾನು ಈ ಸಲ ಏನೂ ಹೇಳಿಕೊಡಲಿಲ್ಲ. ನಾಲಿಗೆ ತುದಿಯವರೆಗೆ ಬಂದಿತ್ತು. ಅಮ್ಮ ಒಂದು ತಪ್ಪು ಮಾತಾಡಿದರೆ ಇದೂ ಹೋಗುತ್ತದೆ, ಮತ್ತೆ ಮೊದಲಿನಿಂದ. ಇನ್ನೊಮ್ಮೆ ಮೊದಲಿನಿಂದ ಶುರು ಮಾಡುವ ಶಕ್ತಿ ನನಗಿರಲಿಲ್ಲ. ಬನಶಂಕರಿಯ ಬಸ್‌ನಲ್ಲಿ ಅಕ್ಕಪಕ್ಕ ಕೂತೆವು, ಇಬ್ಬರೂ ಕಿಟಕಿ ಕಡೆ ನೋಡಿಕೊಂಡು.

ಡಾಕ್ಟರು ಅಮ್ಮನನ್ನು ಒಬ್ಬರನ್ನೇ ಒಳಗೆ ಕರೆದರು. ಹತ್ತು ನಿಮಿಷ. ಹದಿನೈದು. ನಾನು ಹೊರಗೆ ಬೆಂಚಿನ ಮೇಲೆ. ಒಳಗಿನಿಂದ ಅಮ್ಮನ ಧ್ವನಿ ಒಂದು ಸಲ ಜೋರಾಗಿ ಕೇಳಿಸಿತು, ಮಾತು ಕೇಳಿಸಲಿಲ್ಲ. ಆಮೇಲೆ ಪ್ರಿಂಟರ್ ಶಬ್ದ.

ನನ್ನನ್ನು ಕರೆದರು. ಡಾಕ್ಟರು ಸಹಿ ಹಾಕಿ, ಸೀಲ್ ಒತ್ತಿ, ಕಾಗದವನ್ನು ನನ್ನ ಮುಂದೆ ಸರಿಸಿದರು.

"ಏನ್ ಬರೆದಿದೆ? ಕನ್ನಡದಲ್ಲಿ ಓದು" ಅಂದರು ಅಮ್ಮ.

ನಿಂತುಕೊಂಡೇ ಓದಿದೆ. ನನ್ನ ಹೆಸರು, ಪ್ರವೀಣ್ ಅಂತಲೇ. ಚಿಕಿತ್ಸೆಯ ಪರಿಣಾಮಗಳನ್ನು ಅರ್ಥಮಾಡಿಕೊಂಡಿದ್ದಾರೆ. ಸ್ವಂತ ನಿರ್ಧಾರ ತೆಗೆದುಕೊಳ್ಳುವ ಸಾಮರ್ಥ್ಯವಿದೆ. ಹಾರ್ಮೋನ್ ಚಿಕಿತ್ಸೆ ಪ್ರಾರಂಭಿಸಬಹುದು. ಕೊನೆಯ ಸಾಲು ಓದಿದೆ: ತಾಯಿಯ ಸಂಪೂರ್ಣ ಬೆಂಬಲವಿದೆ.

"ತಪ್ಪು" ಅಂದರು ಅಮ್ಮ.

ನಾನು ಕಾಗದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಡಾಕ್ಟ್ರೇ, ಸಂಪೂರ್ಣ ಅಂತ ನಾನ್ಯಾವಾಗ ಹೇಳ್ದೆ? ನಂಗೆ ಇಷ್ಟ ಇಲ್ಲ ಅಂತ ಹೇಳ್ದೆ. ಸಾಯೋ ತನಕ ಇಷ್ಟ ಆಗುತ್ತೋ ಇಲ್ವೋ ಗೊತ್ತಿಲ್ಲ ಅಂದೆ. ಆದ್ರೆ ಸೂಜಿ ಚುಚ್ಚೋ ಕಡೆ ಒಬ್ಬರನ್ನೇ ಕಳ್ಸಲ್ಲ, ಜೊತೆಗೆ ಹೋಗ್ತೀನಿ ಅಂದೆ. ಹೇಳಿದ್ದನ್ನ ಹೇಳಿದ ಹಾಗೆ ಬರೀರಿ."

"ಅಮ್ಮ, ಸುಮ್ನಿರು" ಅಂದೆ.

ಡಾಕ್ಟರು ಅಮ್ಮನನ್ನು ನೋಡಿದರು. ಸೀಲ್ ಹಾಕಿದ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದರು. ಮತ್ತೆ ಕಂಪ್ಯೂಟರ್ ಕಡೆ ತಿರುಗಿ, ಎರಡೇ ಬೆರಳಿನಲ್ಲಿ ಟೈಪ್ ಮಾಡಿ, ಇನ್ನೊಂದು ಪ್ರಿಂಟ್ ತೆಗೆದು, ಮತ್ತೆ ಸಹಿ, ಮತ್ತೆ ಸೀಲ್. ಈ ಸಲ ಅಮ್ಮನ ಕೈಗೇ ಕೊಟ್ಟರು. ಅಮ್ಮ ನನ್ನ ಕೈಗೆ ಕೊಟ್ಟು, ಕೊನೆಯದನ್ನು ಮಾತ್ರ ಓದು ಅಂದರು.

ಓದಿದೆ. "ತಾಯಿಗೆ ಈ ನಿರ್ಧಾರ ಇಷ್ಟವಿಲ್ಲ. ಚಿಕಿತ್ಸೆಯ ಸಮಯದಲ್ಲಿ ಜೊತೆಗಿರುತ್ತಾರೆ."

"ಹಾಂ, ಇದು ಸರಿ" ಅಂದರು ಅಮ್ಮ, ಸೆರಗು ಸರಿಮಾಡಿಕೊಂಡು ಏಳುತ್ತಾ. "ಯಾವತ್ತು ಹೋಗ್ಬೇಕು ಅಂತ ಕೇಳ್ಕೊ. ಪಿ.ಜಿ.ಯಲ್ಲಿ ಮುಂಚೇನೇ ರಜಾ ಹೇಳ್ಬೇಕು ನಾನು."